ಹುಳದ ಪಾಲಿನ ಎಕ್ಕೆ

ಎಕ್ಕೆಯ ಎಲೆ ಮುರಿದಾಗ ಬರುವ ವಾಸನೆಯನ್ನು ಹೇಗೆ ಹೇಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಹಸಿ ಶೇಂಗಾ ಸುಲಿದ ಕೈಗೆ ಅಂಟಿಕೊಳ್ಳುವ ಮಣ್ಣಿನ ವಾಸನೆ ಅದರಲ್ಲಿ ಸ್ವಲ್ಪ ಇದೆ, ಗಿಣ್ಣದ ಹಾಲಿನ ಕಮಟು ಸ್ವಲ್ಪ ಇದೆ, ಉಳಿದದ್ದೆಲ್ಲ ಬರೀ ಕಹಿ. ನಾಲಿಗೆಗಿಂತ ಮೊದಲು ಮೂಗಿಗೇ ತಿಳಿಯುವ ಕಹಿ. ಬೈಲಹೊಂಗಲದಲ್ಲಿ ನಾನು ಕಟ್ಟಿಸಿದ ಮನೆಯ ಹಿಂದೆ, ಕಂಪೌಂಡು ಗೋಡೆಗೆ ತಾಗಿ, ನಾಲ್ಕು ವರ್ಷದ ಹಿಂದೆ ಒಂದು ಎಕ್ಕೆ ತಾನಾಗಿ ಹುಟ್ಟಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಹಣಿಕಿ ನೋಡಿ, “ಟೀಚರ್ರ, ಅದನ್ನ ಕಿತ್ತ ಒಗೀರಿ, ಹಾಳಬಿದ್ದ ಮನ್ಯಾಗ ಹುಟ್ಟೂ ಗಿಡರಿ ಅದು” ಎಂದರು. ಅವರದೇನೂ ತಪ್ಪಲ್ಲ. ನಮ್ಮ ಕಡೆ ಬಯ್ಯುವುದೇ ಹಾಗೆ, ನಿನ್ನ ಮನ್ಯಾಗ ಎಕ್ಕಿ ಹುಟ್ಟಲಿ ಎಂದು. ಕೀಳಲೆಂದೇ ಹೋಗಿ ಒಂದು ಎಲೆ ಮುರಿದೆ. ಬಿಳಿ ಹಾಲು ಒಸರಿ ಹೆಬ್ಬೆರಳಿಗೆ ಇಳಿಯಿತು, ಆ ವಾಸನೆ ಬಂತು, ನಾನು ಅಲ್ಲೇ ಚಪ್ಪಲಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆ. ಗಿಡ ಉಳಿಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನು ಮೊದಲನೆಯವಳು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಹೆಮ್ಮೆಗೆ ಹೆಚ್ಚು ಜಾಗವಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೀಟಗಳ ಪಾಠ ಬಂದಾಗ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು ಅಮೆರಿಕದ ಮೊನಾರ್ಕ್ ಚಿಟ್ಟೆ ಗೂಡೊಡೆದು ಬರುವುದನ್ನು ತೋರಿಸುತ್ತೇನೆ. ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ನಮ್ಮ ಎಕ್ಕೆಯ ಪಾತರಗಿತ್ತಿ ಅದರದೇ ಬಳಗ, ಗಾತ್ರದಲ್ಲಿ ಸ್ವಲ್ಪ ಕಿರಿದು, ಅದೇ ಕಿತ್ತಳೆ ಬಣ್ಣ, ರೆಕ್ಕೆಯ ತುದಿಗೆ ಅದೇ ಕಪ್ಪು, ಕಪ್ಪಿನ ಮೇಲೆ ಅದೇ ಬಿಳಿ ಚುಕ್ಕೆ. ಇದನ್ನೆಲ್ಲ ಹೇಳುವಾಗ ನನ್ನ ಧ್ವನಿ ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದು ಗೂಡು ಒಡೆಯುವುದನ್ನು ಕಣ್ಣಾರೆ ಕಂಡಿದ್ದೀರೇನು ಟೀಚರ್ ಎಂದು ಯಾರಾದರೂ ಕೇಳಿದರೆ, ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಕಂಡವಳು ಮಾದೇವಿ. ನಾನಲ್ಲ.

ದೊಡವಾಡದಿಂದ ಒಂದು ಹರದಾರಿ ಒಳಗಿರುವ ನಮ್ಮೂರಿನಲ್ಲಿ ನಮ್ಮದು ಮಣ್ಣಿನ ಮೇಲ್ಮುದ್ದೆಯ ಉದ್ದನೆಯ ಮನೆ. ಮುಂದೆ ದನಗಳು, ನಡುವೆ ನಾವು, ಹಿಂದೆ ಹಿತ್ತಲು. ಬೇರೆಯವರು ಹಿತ್ತಲಿನಲ್ಲಿ ಬದನೆ, ಅವರೆ, ಕರಿಬೇವು ಹಚ್ಚುತ್ತಿದ್ದರು. ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಎಕ್ಕೆ ಹಚ್ಚಿದ್ದಳು. ಊರ ಹನುಮಪ್ಪನಿಗೆ ಶನಿವಾರಕ್ಕೊಂದು ಎಕ್ಕೆ ಎಲೆಯ ಮಾಲೆ ಕೊಡುವುದು ಅವಳ ಹರಕೆ. ಯಾವುದಕ್ಕಾಗಿ ಹೊತ್ತದ್ದೋ ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಿತ್ತಲಿನಲ್ಲಿ ಐದು ಗಿಡ. ನಾಲ್ಕು ದೇವರವು. ಐದನೆಯದು, ಬಾವಿಯ ಕಡೆಗಿದ್ದದ್ದು, ಹುಳದ್ದು. ಹುಳ ತಿಂದ ಎಲೆ ದೇವರಿಗೆ ಸಲ್ಲುವುದಿಲ್ಲ. ಹುಳ ಕೊಂದು ಎಲೆ ಉಳಿಸುವುದೂ ಅವಳಿಗೆ ಒಗ್ಗದು. “ದೇವರೂ ತಿನ್ನೂದು ಇದನ್ನ, ಹುಳವೂ ತಿನ್ನೂದು ಇದನ್ನ. ಪಾಲ ಮಾಡಿ ಕೊಟ್ರ ಜಗಳಿಲ್ಲ” ಎನ್ನುತ್ತಿದ್ದಳು. ಹಾಗಾಗಿ ದೇವರ ಗಿಡಗಳ ಮೇಲೆ ಹುಟ್ಟಿದ ಹುಳಗಳನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಹೋಗಿ ಐದನೆಯ ಗಿಡಕ್ಕೆ ಬಿಡುವುದು ನಮ್ಮ ಮನೆಯ ಮಕ್ಕಳ ಕೆಲಸ. ಮಕ್ಕಳೆಂದರೆ ಇಬ್ಬರೇ, ನಾನು ಮತ್ತು ಮಾದೇವಿ.

ಮಾದೇವಿ ನನ್ನ ಸೋದರತ್ತೆಯ ಮಗಳು. ಅತ್ತೆಯನ್ನು ರಾಮದುರ್ಗದ ಕಡೆ, ಕಟಕೋಳಕ್ಕೆ ಕೊಟ್ಟಿತ್ತು. ಅವಳು ತೀರಿಕೊಂಡಾಗ ಮಾದೇವಿಗೆ ಇನ್ನೂ ಹಲ್ಲು ಬಂದಿರಲಿಲ್ಲವಂತೆ. ಮಣ್ಣಿಗೆಂದು ಹೋದ ಆಯಿ ಹಿಂದಿರುಗುವಾಗ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಸ್ಸು ಹತ್ತಿದಳಂತೆ. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ತರಗತಿ, ಒಂದೇ ತಾಟಿನಲ್ಲಿ ಉಂಡವರು. ಓದಿನಲ್ಲಿ ನಾನು ಮುಂದೆ. ರೊಟ್ಟಿ ಬಡಿಯುವುದರಲ್ಲೂ ನಾನೇ ಮುಂದೆ. ಆದರೆ ಆಯಿ ರಾತ್ರಿ ಕೌದಿ ಹೊದ್ದುಕೊಳ್ಳುವಾಗ ಮೊದಲು ಕೈಯಾಡಿಸುತ್ತಿದ್ದದ್ದು ಮಾದೇವಿಯ ಕಡೆ. ತಾಯಿಯಿಲ್ಲದ ಕೂಸು ಎಂದು ಅವ್ವ ನನಗೆ ನೂರು ಸಲ ತಿಳಿಸಿ ಹೇಳಿದ್ದಳು. ನನಗೆ ತಿಳಿಯುತ್ತಿತ್ತು. ತಿಳಿದರೇನು, ಹೊಟ್ಟೆಯೊಳಗಿನ ಬೆಂಕಿ ತಿಳಿವಳಿಕೆಗೆ ಆರುತ್ತದೆಯೇ? ನನಗೂ ತಾಯಿ ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಒಮ್ಮೆ ಅನಿಸಿ, ಅವತ್ತಿಡೀ ಅವ್ವನ ಮುಖ ನೋಡಲಾರದೆ ಓಡಾಡಿದ್ದೂ ನೆನಪಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇತ್ತೇನೋ. ಇದ್ದರೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹುಳಗಳು ಬಹಳ ಚೆಂದ. ಬಿಳಿ, ಕಪ್ಪು, ಹಳದಿ ಪಟ್ಟೆ, ಮೈಮೇಲೆ ಮೂರು ಜೊತೆ ಕಪ್ಪು ಕೋಡು. ಎಲೆಯನ್ನು ಅಂಚಿನಿಂದ ಕತ್ತರಿಸಿದ ಹಾಗೆ ತಿನ್ನುತ್ತಿದ್ದವು. ಹೊಟ್ಟೆ ತುಂಬಿದ ಮೇಲೆ ಎಲೆಯ ಅಡಿಗೆ ತಲೆಕೆಳಗಾಗಿ ಜೋತು, ಒಂದೇ ದಿನದಲ್ಲಿ ಚರ್ಮ ಕಳಚಿ, ತಿಳಿಹಸಿರು ಗೂಡಾಗಿಬಿಡುತ್ತಿದ್ದವು. ಆ ಗೂಡಿನ ಮೇಲ್ಭಾಗಕ್ಕೆ ಬಂಗಾರದ ಗುಂಡು ಪೋಣಿಸಿದಂಥ ಒಂದು ಗೆರೆ. ಮಾದೇವಿ ಅದಕ್ಕೆ ಝುಮಕಿ ಎಂದು ಹೆಸರಿಟ್ಟಿದ್ದಳು. ಆಯಿಯೂ ಹಾಗೇ ಕರೆಯತೊಡಗಿದಳು. ನಾನು ಪುಸ್ತಕದಲ್ಲಿ ಓದಿ ‘ಕೋಶ’ ಎಂದು ಹೇಳಿಕೊಟ್ಟೆ, ಯಾರೂ ಕರೆಯಲಿಲ್ಲ. ಎಂಟು ಹತ್ತು ದಿನಕ್ಕೆ ಝುಮಕಿ ಕಪ್ಪಾಗಿ, ಒಳಗಿನ ಕಿತ್ತಳೆ ಬಣ್ಣ ಹೊರಗೆ ಕಾಣಿಸಿಕೊಂಡರೆ ಮರುದಿನ ಮುಂಜಾನೆ ಒಡೆಯುತ್ತದೆ ಎಂದರ್ಥ. ಮಾದೇವಿ ತನ್ನ ಝುಮಕಿಯ ಮುಂದೆ ಕುಳಿತರೆ ಅದು ಅವಳ ಕಣ್ಣೆದುರಿಗೇ ಒಡೆಯುತ್ತಿತ್ತು. ನಾನು ನನ್ನದರ ಮುಂದೆ ಕಾಲು ಜೋಮು ಹಿಡಿಯುವವರೆಗೂ ಕುಳಿತು, ಅವ್ವ ಕೂಗಿದಳೆಂದು ಒಂದು ಕೊಡ ನೀರು ಸೇದಿ ಬರುವುದರೊಳಗೆ ಖಾಲಿ ಸಿಪ್ಪೆ ಜೋತಾಡುತ್ತಿರುತ್ತಿತ್ತು. ಒಮ್ಮೆಯಂತೂ ನನ್ನ ಝುಮಕಿ ಕಪ್ಪಾಯಿತು, ಆದರೆ ಕಿತ್ತಳೆ ಬಣ್ಣ ಕಾಣಲೇ ಇಲ್ಲ. ಎರಡು ದಿನ ಕಾದೆ. ಒಳಗಿನಿಂದ ಬಿಳಿ ಮರಿಹುಳ ಒಂದು ನೂಲು ಹಿಡಿದು ಕೆಳಗಿಳಿಯಿತು. ನೊಣ ಮೊಟ್ಟೆಯಿಟ್ಟು ಕೆಡಿಸಿದ ಗೂಡು ಅದು ಎಂದು ಈಗ ನನಗೆ ಗೊತ್ತು, ಪಾಠವನ್ನೂ ಮಾಡುತ್ತೇನೆ. ಅವತ್ತು ಮಾತ್ರ ನನ್ನ ಕಣ್ಣೇ ಬಿದ್ದು ಅದು ಕೊಳೆಯಿತು ಎಂದುಕೊಂಡಿದ್ದೆ.

“ಮಾದೇವಿ ಸುಮ್ಮನ ಕುಂಡರತಾಳ. ನೀ ಒಡಿ ಒಡಿ ಅಂತ ಅದರ ಬೆನ್ನ ಹತ್ತತಿ. ಅದಕೂ ನಾಚಿಕಿ ಇರೂದಿಲ್ಲೇನ?” ಎಂದು ಆಯಿ ನಕ್ಕಳು. ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಮಾತ್ರ ಇಡೀ ವಾರ ಅನ್ನ ಇಳಿಯಲಿಲ್ಲ.

ಆಗ ನಾವು ಏಳನೆಯ ತರಗತಿ. ದೀಪಾವಳಿ ಆಗಿ ಹದಿನೈದು ದಿನ ಆಗಿರಬೇಕು, ಮುಂಜಾನೆಗೆ ತಂಪು ಹಿಡಿದಿತ್ತು. ಒಂದು ಹುಳ ನಮ್ಮ ಕಣ್ಣು ತಪ್ಪಿಸಿ ದೇವರ ಗಿಡದ ಮೇಲೆಯೇ ಉಳಿದು, ಅಲ್ಲೇ ಒಂದು ಅಗಲವಾದ ಎಲೆಯ ಅಡಿಗೆ ಝುಮಕಿ ಕಟ್ಟಿತ್ತು. ಮೊದಲು ಕಂಡವಳು ಮಾದೇವಿ. ಈ ಎಲೆ ಕೀಳಬೇಡ ಎಂದು ಆಯಿಯ ಕಾಲಿಗೆ ಬಿದ್ದಳು. ದೇವರ ಪಾಲಿನ ಎಲೆ ಬಿಟ್ಟುಕೊಡುವುದು ಆಯಿಯ ಲೆಕ್ಕದಲ್ಲಿ ಸಣ್ಣ ಮಾತಲ್ಲ. ಆದರೂ ಒಪ್ಪಿದಳು. ಗುರುತಿಗೆಂದು ಆ ಎಲೆಯ ತೊಟ್ಟಿಗೆ ತಾನೇ ಒಂದು ಕೆಂಪು ದಾರ ಕಟ್ಟಿದಳು. ಶುಕ್ರವಾರ ಸಂಜೆ ಝುಮಕಿ ಕಪ್ಪಾಯಿತು. ಮಾಲೆಗೆ ಎಲೆ ಕಿತ್ತು ಬುಟ್ಟಿ ತುಂಬಿಸುತ್ತಿದ್ದ ಆಯಿ ಬಗ್ಗಿ ನೋಡಿ, “ನಾಳಿ ಮುಂಜಾನಿ ನನ್ನ ಕರಿಯವಾ ಮಾದೇವಿ. ಇಷ್ಟ ವರ್ಷ ಆತು, ನಾ ಒಮ್ಮೆನೂ ನೋಡಿಲ್ಲ. ನಿನ್ನ ಮಗ್ಗಲಾಗ ಕುಂತ ನೋಡತೇನಿ” ಎಂದಳು.

ನನ್ನ ಯಾವ ಝುಮಕಿಗೂ ಆಯಿ ಹಾಗೆ ಹೇಳಿರಲಿಲ್ಲ. ಆ ಮಾತು ಕಿವಿಗೆ ಬಿದ್ದಾಗ ನಾನು ಬಾವಿಯ ಕಟ್ಟೆಯ ಮೇಲಿದ್ದೆ. ಇಬ್ಬರೂ ಒಳಗೆ ಹೋಗುವವರೆಗೆ ಕಾದೆ. ದಾರ ಬಿಚ್ಚಿದೆ. ಎಲೆಯನ್ನು ತೊಟ್ಟಿನ ಸಮೇತ ಮೆಲ್ಲಗೆ ಮುರಿದು, ಝುಮಕಿ ಜಜ್ಜದಂತೆ ಬುಟ್ಟಿಯ ಅಂಚಿಗೆ ಒರಗಿಸಿಟ್ಟೆ. ಜಜ್ಜದಂತೆ ಯಾಕೆ ಇಟ್ಟೆನೋ ತಿಳಿಯದು. ಅದನ್ನು ಕೊಲ್ಲುವ ಮನಸ್ಸು ನನಗಿರಲಿಲ್ಲ. ಆಯಿ ಮತ್ತು ಮಾದೇವಿ ಮಗ್ಗುಲಿಗೆ ಮಗ್ಗುಲು ಹಚ್ಚಿ ಕುಳಿತು ಅದನ್ನು ನೋಡಬಾರದು, ಇಷ್ಟೇ ನನಗೆ ಬೇಕಾಗಿದ್ದದ್ದು.

ಶನಿವಾರ ನಸುಕಿನಲ್ಲಿ ಮೂವರೂ ಎಂದಿನಂತೆ ಮಾಲೆಗೆ ಕುಳಿತೆವು. ನಡುಮನೆಯಲ್ಲಿ ಸಣ್ಣದೊಂದು ಬಲ್ಬು, ಅದರ ಬೆಳಕು ಕೈಗಿಂತ ಹೆಚ್ಚು ಗೋಡೆಗೇ ಬೀಳುತ್ತಿತ್ತು. ಆಯಿ ಎಲೆ ಒರೆಸಿ ಕೊಡುವುದು, ನಾವಿಬ್ಬರೂ ದಬ್ಬಣದಿಂದ ದಾರಕ್ಕೆ ಪೋಣಿಸುವುದು, ಅರ್ಧ ಅವಳು, ಅರ್ಧ ನಾನು, ಕೊನೆಗೆ ಎರಡನ್ನೂ ಕೂಡಿಸಿ ಗಂಟು. ಆ ಎಲೆಯನ್ನು ನಾನೇ ಬುಟ್ಟಿಯ ಅಂಚಿನಿಂದ ಎತ್ತಿಕೊಂಡು, ಒರೆಸಲು ಕೊಡದೆ, ಝುಮಕಿ ಒಳಮಗ್ಗುಲಿಗೆ ಬರುವಂತೆ ನನ್ನ ಪಾಲಿಗೆ ಪೋಣಿಸಿದೆ. ಬೆಳಕು ಹರಿಯುತ್ತಲೇ ಮಾದೇವಿ ಹಿತ್ತಲಿಗೆ ಓಡಿದಳು. ಅವಳ ಕೂಗು ಕೇಳಿಸಿತು. “ಆಯೀ, ಎಲೀನ ಇಲ್ಲ ಬೇ!” ಆಡು ತಿಂದಿರಬೇಕು ಎಂದು ನಾನೇ ಮೊದಲು ಹೇಳಿದೆ. ಎಕ್ಕೆಯನ್ನು ಆಡು ಬಾಯಿಗೆ ಹಾಕುವುದು ಕಡಿಮೆ. ಆಯಿ ಮಾದೇವಿಯ ಮೂಗು ಒರೆಸಿ, ಮಾಲೆಯನ್ನು ಬುಟ್ಟಿಗಿಟ್ಟುಕೊಂಡು, ನಮ್ಮಿಬ್ಬರನ್ನೂ ಕರೆದುಕೊಂಡು ಗುಡಿಗೆ ನಡೆದಳು.

ಪೂಜಾರಿ ಮಾಲೆಯನ್ನು ಹನುಮಪ್ಪನ ಕೊರಳಿಗೆ ಹಾಕಿದ. ಗುಡಿ ತುಂಬ ಜನ. ಮಂಗಳಾರತಿ ಅರ್ಧಕ್ಕೆ ಬಂದಿತ್ತು. ಆರತಿಯ ಬೆಳಕು ದೇವರ ಎದೆಯ ಮೇಲೆ ಆಡುತ್ತಿದ್ದಾಗ ಮುಂದೆ ನಿಂತ ಒಬ್ಬ ಮುದುಕಿ, “ಎವ್ವಾ, ಅಲ್ಲೇನೋ ಹರದಾಡತೈತಿ” ಎಂದಳು. ಎಲೆಗಳ ಸಂದಿನಿಂದ ಮೊದಲು ಕಪ್ಪು ಕಾಲುಗಳು ಬಂದವು. ಆಮೇಲೆ ಚುಕ್ಕೆಯ ತಲೆ. ಆಮೇಲೆ ಒದ್ದೆ ಬಟ್ಟೆಯ ಹಾಗೆ ಮುದುಡಿದ ಎರಡು ಕಿತ್ತಳೆ ರೆಕ್ಕೆ. ಅದು ಮೆಲ್ಲಗೆ ಮೇಲಕ್ಕೆ ಹತ್ತಿ, ದೇವರ ಭುಜದ ಹತ್ತಿರದ ಎಲೆಯ ಅಂಚಿಗೆ ಬಂದು ಜೋತು ನಿಂತಿತು. ಪೂಜಾರಿಯ ಕೈಯಲ್ಲಿ ಆರತಿ ನಿಂತೇಬಿಟ್ಟಿತು. ಗಂಟೆ ಬಾರಿಸುವವನೂ ನಿಲ್ಲಿಸಿದ. ರೆಕ್ಕೆ ಇಷ್ಟಿಷ್ಟೇ ಬಿಚ್ಚಿಕೊಂಡು, ಹಸನಾಗಿ, ಒಣಗುವವರೆಗೆ ಒಬ್ಬರೂ ಅಲ್ಲಿಂದ ಕದಲಲಿಲ್ಲ. ನಾನು ಮಾತ್ರ ನೋಡಲಿಲ್ಲ, ಇದೆಲ್ಲ ಆಮೇಲೆ ಜನರ ಬಾಯಿಂದ ಕೇಳಿದ್ದು. ಜನ ನೋಡುತ್ತಿದ್ದರು, ಮಾದೇವಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು, ನಾನು ಆಯಿಯ ಮುಖ ನೋಡುತ್ತಿದ್ದೆ. ಅದಕ್ಕೇ ಕಣ್ಣಾರೆ ಕಂಡಿಲ್ಲ ಎಂದದ್ದು.

“ಇದ ಯಾರ ಕಟ್ಟಿದ ಮಾಲಿರಿ, ಆಯಿ?” ಎಂದು ಪೂಜಾರಿ ಕೇಳಿದ. ಆಯಿ ನನ್ನ ಕಡೆ ತಿರುಗಿದಳು. ಕೊಡ ತುಂಬುವಷ್ಟು ಹೊತ್ತು ನೋಡಿದಳು ಎಂದು ನನಗೆ ಈಗ ಅನಿಸುತ್ತದೆ, ನಿಜವಾಗಿ ಒಂದು ಉಸಿರಿನಷ್ಟಿರಬೇಕು. ನಾನು ಕಟ್ಟಿದ್ದು ಎನ್ನಲು ಬಾಯಿ ತೆರೆದೆ. ಹಾಗೆ ಹೇಳಿದರೆ ಆ ಎಲೆ ನಿನ್ನ ಕೈಗೆ ಹೇಗೆ ಬಂತು ಎಂದು ಮಾದೇವಿ ಕೇಳುತ್ತಾಳೆ. ಬಾಯಿ ಮುಚ್ಚಿದೆ. ಆಗ ಆಯಿ ಹೇಳಿದಳು, “ನಮ್ಮ ಮಾದೇವಿರಿ.”

ಅಲ್ಲಿಂದ ಮುಂದೆ ನಡೆದದ್ದನ್ನು ನೀವು ಊಹಿಸಬಹುದು. ಹೆಂಗಸರು ಮಾದೇವಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಮುಂದಿನ ಶನಿವಾರ ಅಕ್ಕಪಕ್ಕದ ಊರಿನವರು ಬಂದರು. ಮಾಲೆ ಇನ್ನು ಪೂರ್ತಿ ಅವಳ ಕೈಯಿಂದಲೇ ಆಗಬೇಕು ಎಂದು ಊರವರೆಂದರು. ನನ್ನ ಅರ್ಧ ಮಾಲೆ ಅವತ್ತಿಗೆ ಮುಗಿಯಿತು. ನಾನು ಎಲೆ ಒರೆಸುವವಳಾದೆ. ಒಂದು ಸಲ ಒಬ್ಬ ಹೆಂಗಸು ನನ್ನನ್ನು ಸರಿಸಿ, “ಸ್ವಲ್ಪ ಸರಿಯವಾ, ನಾವು ಆ ಹುಡಿಗೀನ ನೋಡಾಕ ಬಂದೀವಿ” ಎಂದಳು. ನಾನು ಮಾಡಿದ ಕಳ್ಳತನಕ್ಕೆ ಅವಳಿಗೆ ಪೂಜೆ. ರಾತ್ರಿ ಹಲ್ಲು ಕಚ್ಚಿ ಮಲಗುತ್ತಿದ್ದೆ. ನಾನು ಕಟ್ಟಿದ್ದು, ನಾನು ಪೋಣಿಸಿದ್ದು, ಆ ಪಾತರಗಿತ್ತಿ ನನ್ನದು ಎಂದು ಕೌದಿಯೊಳಗೆ ಮುಖ ಹುದುಗಿಸಿ ಹೇಳಿಕೊಳ್ಳುತ್ತಿದ್ದೆ.

ಜೂನ್ ಬಂತು. ಊರಿನ ಸಾಲೆ ಏಳಕ್ಕೆ ಮುಗಿಯಿತು, ಹೈಸ್ಕೂಲಿಗೆ ದೊಡವಾಡಕ್ಕೆ ಹೋಗಬೇಕು. ನಮ್ಮ ಕಡೆ ಶನಿವಾರ ಮುಂಜಾನೆ ಸಾಲೆ ನಡೆಯುತ್ತದೆ, ನಿಮಗೆ ಗೊತ್ತಲ್ಲ. ಮೊದಲ ಬಸ್ಸು ಹೋಗುವುದೂ ಮಾಲೆ ಕಟ್ಟುವುದೂ ಒಂದೇ ಹೊತ್ತಿಗೆ. ಅಪ್ಪ ಅಂಗಳದಲ್ಲಿ ಬಾರಕೋಲಿಗೆ ಚರ್ಮ ಸುತ್ತುತ್ತ ಕುಳಿತಲ್ಲಿಂದಲೇ ತೀರ್ಮಾನ ಮಾಡಿದ. “ದೇವರ ಕೆಲಸ ಬಿಡಿಸಿ ಹೆಣ್ಣಮಗಳನ್ನ ಬಸ್ಸಿಗಿ ಹತ್ತಸೂದ ಬ್ಯಾಡ. ಮಾದೇವಿ ಮನ್ಯಾಗಿರಲಿ. ಕಸ್ತೂರಿ ಬೇಕಾದ್ರ ಹೋಗ್ಲಿ.” ಕಸ್ತೂರಿ ಎಂದರೆ ನಾನು. ಮಾದೇವಿ ಕಂಬ ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿದ್ದವು. ಆಯಿ ಮತ್ತೊಮ್ಮೆ ನನ್ನ ಕಡೆ ನೋಡಿದಳು. ಆ ಹೊತ್ತಿನಲ್ಲಿ ನನಗೆ ಎಲ್ಲವೂ ನಿಚ್ಚಳವಾಗಿ ಗೊತ್ತಿತ್ತು. ಆ ಮಾಲೆಯ ಎಲೆ ಪೋಣಿಸಿದ್ದು ನಾನು ಎಂದು ಒಂದು ಮಾತು ಹೇಳಿದರೆ ಮಾದೇವಿ ಬಸ್ಸು ಹತ್ತುತ್ತಾಳೆ, ನಾನು ಮನೆಯಲ್ಲಿ ಉಳಿಯುತ್ತೇನೆ. ನಾನು ಪಾಟೀಚೀಲದ ಬಾರು ಸರಿಪಡಿಸಿಕೊಳ್ಳುತ್ತ ನಿಂತೆ.

ಹಾಗೆ ನಾನು ಓದಿದೆ. ದೊಡವಾಡ, ಆಮೇಲೆ ಬೈಲಹೊಂಗಲ, ಆಮೇಲೆ ಧಾರವಾಡ. ಸುಖದಿಂದ ಓದಿದೆ ಎಂದುಕೊಳ್ಳಬೇಡಿ. ಬಸ್ಸಿನ ಟಪ್ಪಿನ ಮೇಲೆ ಜೋಳದ ಚೀಲದ ಜೊತೆ ಹೋಗಿದ್ದೇನೆ, ಹಾಸ್ಟೆಲಿನ ನೀರು ಸಾಂಬಾರಿಗೆ ಮನೆಯಿಂದ ತಂದ ಶೇಂಗಾ ಚಟ್ನಿ ಕಲಸಿ ಮೂರು ವರ್ಷ ಕಳೆದಿದ್ದೇನೆ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದೇನೆ. ಆದರೂ ಪ್ರತಿ ಸಲ ಊರಿನಿಂದ ಬಸ್ಸು ತಿರುಗುವಾಗ ನಮ್ಮ ಹಿತ್ತಲು ಕಾಣುತ್ತಿತ್ತು. ಎಕ್ಕೆಯ ಕೆಳಗೆ ಎರಡು ತಲೆ, ಒಂದು ಬೆಳ್ಳಗಾದದ್ದು, ಒಂದು ಎಣ್ಣೆ ಹಚ್ಚಿ ಬಾಚಿದ್ದು. ನನ್ನ ಕೈಯಲ್ಲಿ ಪುಸ್ತಕ, ಅವಳ ಮಗ್ಗುಲಲ್ಲಿ ಆಯಿ. ಯಾರಿಗೆ ಹೆಚ್ಚು ಸಿಕ್ಕಿತು ಎಂದು ನನ್ನನ್ನು ಆಗ ಕೇಳಿದ್ದರೆ, ಕಿಟಕಿಯ ಸರಳು ಹಿಡಿದು ಅತ್ತುಬಿಡುತ್ತಿದ್ದೆ. ಡಿಗ್ರಿ ಸರ್ಟಿಫಿಕೇಟು ತಂದು ಆಯಿಯ ತೊಡೆಯ ಮೇಲಿಟ್ಟ ದಿನ ಅವಳು ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಮುಟ್ಟಿದಳು. “ಇದರಾಗ ಏನಂತ ಬರದಾರ?” ಎಂದಳು. ಓದಿ ಹೇಳಿದೆ. “ನಿನ್ನ ಹೆಸರ ಎಲ್ಲಿ ಐತಿ, ಅಲ್ಲಿ ಬಟ್ಟ ಇಡ” ಎಂದಳು. ಇಟ್ಟೆ. ನನ್ನ ಬೆರಳನ್ನು ಸರಿಸಿ ಅಲ್ಲಿ ತನ್ನ ಬೆರಳಿಟ್ಟುಕೊಂಡಳು. ಆಮೇಲೆ, “ಮಾದೇವೀ, ಬಾ ಇಲ್ಲಿ, ನೋಡ” ಎಂದು ಕೂಗಿದಳು. ಆ ಒಂದು ಗಳಿಗೆಯಲ್ಲೂ ಅವಳನ್ನು ಕರೆಯಬೇಕೇ ಎಂದು ನನಗೆ ಮೈ ಉರಿಯಿತು.

ಮಾದೇವಿಯನ್ನು ಎಂ.ಕೆ. ಹುಬ್ಬಳ್ಳಿಗೆ ಕೊಟ್ಟರು. ಕಬ್ಬಿನ ಹೊಲದವರು, ಒಳ್ಳೆಯ ಜನ. ಆಯಿ ಅವಳ ಎರಡನೆಯ ಬಾಣಂತನ ನೋಡಿಕೊಂಡು ಬಂದ ವರ್ಷವೇ ತೀರಿಕೊಂಡಳು. ನಾನಾಗ ಬಿ.ಎಡ್. ಪರೀಕ್ಷೆಯಲ್ಲಿದ್ದೆ, ಮಣ್ಣಾದ ಮೇಲೆ ಬಂದೆ. ಕೊನೆಗೆ ಬಾಯಿಗೆ ನೀರು ಬಿಟ್ಟವಳು ಮಾದೇವಿ, ಅದೂ ಅವಳಿಗೇ ಸಿಕ್ಕಿತು. ಅಪ್ಪನೂ ಅವ್ವನೂ ಹೋದರು, ಮನೆ ಪಾಲಾಯಿತು. ಬೇರೆ ಊರಲ್ಲಿದ್ದ ಕಾಕಾನ ಮಕ್ಕಳು ಬಂದು ಹಳೆಯದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದರು. ಹಿತ್ತಲಿಗೆ ಕಾಂಕ್ರೀಟು ಹಾಕಿಸಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಹನುಮಪ್ಪನಿಗೆ ಈಗ ಪೇಟೆಯಿಂದ ಸೇವಂತಿಗೆ ಹಾರ ಬರುತ್ತದೆ. ಐದು ಗಿಡಗಳಲ್ಲಿ ಯಾವುದು ಎಲ್ಲಿತ್ತು ಎಂದು ಆ ಕಾಂಕ್ರೀಟಿನ ಮೇಲೆ ನಿಂತು ಗುರುತಿಸಲು ಒಮ್ಮೆ ಪ್ರಯತ್ನಪಟ್ಟೆ. ಬಾವಿಯನ್ನೂ ಮುಚ್ಚಿದ್ದರು, ದಿಕ್ಕು ತಿಳಿಯಲಿಲ್ಲ.

ಕಳೆದ ಕಾರ್ತಿಕದಲ್ಲಿ ಮಾದೇವಿ ಸಂಬಂಧಿಕರ ಮದುವೆಗೆಂದು ಬೈಲಹೊಂಗಲಕ್ಕೆ ಬಂದವಳು ನಮ್ಮ ಮನೆಯಲ್ಲಿ ಉಳಿದಳು. ಕೂದಲು ನೆರೆತಿದೆ, ಮೈ ತುಂಬಿಕೊಂಡಿದೆ, ಮೂವರು ಮೊಮ್ಮಕ್ಕಳು. ಚಹಾದ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಬಂದು ಎಕ್ಕೆಯ ಕೆಳಗೆ ಬಗ್ಗಿದಳು. “ಝುಮಕಿ ಐತಲ್ಲಬೇ ಇಲ್ಲಿ! ನಾಳಿ ಒಡೀತೈತಿ ನೋಡ” ಎಂದಳು. ಎರಡು ವರ್ಷದಿಂದ ಮೊಬೈಲ್ ಹಿಡಿದು ಕಾದರೂ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಅವಳು ಬಂದ ಮರುದಿನವೇ ಒಡೆಯುತ್ತದಂತೆ. ಐವತ್ತು ಸಮೀಪಿಸಿದ ಹೆಂಗಸು ನಾನು, ಮತ್ತೆ ಅದೇ ಹಳೆಯ ಉರಿ ಎದೆಯ ನಡುವೆ ಹೊತ್ತಿತು.

ಮುಂಜಾನೆ ಇಬ್ಬರೂ ಎರಡು ಮಣೆ ಹಾಕಿಕೊಂಡು ಕುಳಿತೆವು. ಮೊಬೈಲ್ ಹೊರತೆಗೆದೆ. “ಅದನ್ನ ಇಡವಾ, ಸುಮ್ಮನ ಕುಂದರ” ಎಂದಳು. ಇಟ್ಟೆ. ಹೊತ್ತು ಸ್ವಲ್ಪ ಏರಿತು. ಝುಮಕಿಯ ಹೊಟ್ಟೆಯ ಮೇಲೆ ಒಂದು ಸೀಳು ಕಂಡಿತು, ಬಾಗಿಲು ತೆರೆದ ಹಾಗೆ. ಮುದುಡಿದ್ದ ಪಾತರಗಿತ್ತಿ ಕಾಲು ಚಾಚಿ ಹೊರಗೆ ಜಾರಿ ತನ್ನ ಖಾಲಿ ಸಿಪ್ಪೆಯನ್ನೇ ಹಿಡಿದುಕೊಂಡು ಜೋತಿತು. ಮೊದಲ ಸಲ ನಾನದನ್ನು ನೋಡಿದೆ. ಆಗ ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು. “ಮಾದೇವಿ, ಅವತ್ತು ಆ ಎಲಿ ಕಿತ್ತಾಕಿ ನಾನು.”

ಅವಳು ತಿರುಗಿ ನೋಡಲೂ ಇಲ್ಲ. “ಗೊತ್ತೈತಿ” ಎಂದಳು.

“ಯಾವಾಗಿಂದ?”

“ಅವತ್ತಿಂದ. ಕೆಂಪ ದಾರ ನಿನ್ನ ಲಂಗದ ಅಂಚಿಗಿ ಹತ್ಕೊಂಡಿತ್ತು. ಗುಡಿಗಿ ಹೋಗುವಾಗ ಆಯೀನ ತಗದ ತನ್ನ ಸೊಂಟದ ಚೀಲದಾಗ ಇಟ್ಕೊಂಡ್ಲು. ನೀ ಮುಂದ ನಡದಿದ್ದಿ.”

ಆಯಿಗೂ ಗೊತ್ತಿತ್ತು. ಸಾಲೆ ಬಿಡಿಸಿದಾಗಲಾದರೂ ಯಾಕೆ ಹೇಳಲಿಲ್ಲ, ಹೇಳಿದ್ದರೆ ನೀನು ಹೋಗುತ್ತಿದ್ದೆಯಲ್ಲ ಎಂದೆ. ಮಾದೇವಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅವತ್ತ ಹೇಳಬೇಕಂತ ಬಾಯಿತನಕ ಬಂದಿತ್ತು. ಆವತ್ತ ಸಿಟ್ಟ ಬಂದಂಗ ಜಲ್ಮದಾಗ ಬಂದಿಲ್ಲ ನೋಡ ನನಗ. ಆಯಿ ಬ್ಯಾಡಂದ್ಲು. ದೇವರ ಮಾಲ್ಯಾಗ ಆಟ ಆಡ್ಯಾಳ ಅಂತ ಗೊತ್ತಾದ್ರ ನಿಮ್ಮಪ್ಪ ಇಬ್ಬರನೂ ಮನ್ಯಾಗ ಕುಂಡ್ರಸತಾನ, ಒಬ್ಬಾಕಿಯರ ಹೋಗ್ಲಿ ಅಂದ್ಲು. ಕಸ್ತೂರಿ ತಾನಾಗೇ ಬಂದ ಹೇಳತಾಳ, ಅಲ್ಲೀಮಟ ನಾವಿಬ್ಬರೂ ಸುಮ್ಮನ ಇರೂಣು ಅಂದ್ಲು.” ಆಮೇಲೆ ನಕ್ಕಳು. “ನೀ ಭಾಳ ತಡಾ ಮಾಡಿದಿ ಬಿಡ.”

ಕ್ಷಮೆ ಕೇಳಿದೆ. ಕೇಳದೆ ಇದ್ದರೆ ಮನುಷ್ಯಳಲ್ಲ. ಅವಳು ನನ್ನ ಕೈಯ ಮೇಲೆ ಒಮ್ಮೆ ತಟ್ಟಿ, “ರೆಕ್ಕಿ ಒಣಗೂತನಕ ಅಲಗಾಡಬ್ಯಾಡ” ಎಂದಳು. ಆದರೆ ನಿಜ ಹೇಳುತ್ತೇನೆ, ನನಗೆ ಅಲ್ಲಿ ಪಶ್ಚಾತ್ತಾಪಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅಷ್ಟು ವರ್ಷ ಅವರಿಬ್ಬರ ನಡುವೆ ಒಂದು ಗುಟ್ಟಿತ್ತು. ಎಲೆ ಒರೆಸುತ್ತ, ಹೇನು ನೋಡುತ್ತ, ಬಾಣಂತನದ ಕೋಣೆಯಲ್ಲಿ, ಅದನ್ನು ಅವರು ತಮ್ಮ ನಡುವೆ ಇಟ್ಟುಕೊಂಡಿದ್ದರು. ಆ ಗುಟ್ಟು ನನ್ನದು. ನನ್ನದೇ ಆದರೂ ನಾನು ಅದರ ಹೊರಗೆ ನಿಂತಿದ್ದೆ. ನನ್ನ ಬೆವರಿನಿಂದ, ಒಬ್ಬಳೇ ದುಡಿದು ಗಳಿಸಿದೆ ಎಂದು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ ಡಿಗ್ರಿಯನ್ನು ಅವರಿಬ್ಬರೂ ಬಾಯಿ ಬಿಗಿಹಿಡಿದು ನನಗಾಗಿ ಕಾಯ್ದಿದ್ದರು. ಅಷ್ಟು ದೊಡ್ಡ ಮನಸ್ಸು ಅವಳಿಗೆ ಹೇಗೆ ಸಿಕ್ಕಿತು, ಆಯಿ ಅದನ್ನೂ ಅವಳಿಗೇ ಕೊಟ್ಟಳೇ ಎಂದು ಯೋಚಿಸುತ್ತ, ಆ ಪಾತರಗಿತ್ತಿ ಗೋಡೆ ದಾಟಿ ಹಾರಿಹೋದ ಮೇಲೂ ನಾನು ಕುಳಿತೇ ಇದ್ದೆ.

ಮಾದೇವಿ ಸಂಜೆಯ ಬಸ್ಸಿಗೆ ಹೋದಳು. ಅವಳು ಹೋದ ಮೇಲೆ ನನಗೊಂದು ಹೊಳೆಯಿತು. ಧಾರವಾಡದಿಂದ ರಜೆಗೆ ಬಂದಾಗಲೆಲ್ಲ, ಬಂದ ಮೊದಲ ದಿನ ಮಧ್ಯಾಹ್ನ ಆಯಿ ಎಲ್ಲರನ್ನೂ ಒಂದೊಂದು ಕೆಲಸಕ್ಕೆ ಹೊರಗೆ ಅಟ್ಟಿ, ನಡುಮನೆಯಲ್ಲಿ ನನ್ನ ಎದುರಿಗೆ ಬಂದು ಕುಳಿತುಕೊಳ್ಳುತ್ತಿದ್ದಳು. ಮಾತಾಡುತ್ತಿರಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡುತ್ತ ಸುಮ್ಮನೆ ಕುಳಿತಿರುತ್ತಿದ್ದಳು. ಮಾದೇವಿಯ ಜೊತೆ ಇವಳಿಗೆ ಮುಗಿಯದಷ್ಟು ಮಾತಿದೆ, ನನ್ನ ಜೊತೆ ಆಡಲು ಒಂದು ಮಾತೂ ಇಲ್ಲ ಎಂದು ನೊಂದುಕೊಳ್ಳುತ್ತಿದ್ದೆ. ಅದನ್ನು ತೋರಿಸಬಾರದೆಂದು ಚೀಲದಿಂದ ಪುಸ್ತಕ ತೆಗೆದು ಬಿಚ್ಚಿಕೊಳ್ಳುತ್ತಿದ್ದೆ. ಅವಳು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಿದ್ದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಏಳುತ್ತ, “ಓದವಾ, ಓದ” ಎಂದು ಬಾಗಿಲನ್ನು ಸಪ್ಪಳವಾಗದಂತೆ ಮುಂದಕ್ಕೆ ಮಾಡಿಕೊಂಡು ಹೋಗುತ್ತಿದ್ದಳು.